‘ದೋಷ ಕಾಣಲಿಲ್ಲ’ ಎಂಬ ಮಾತಿನ ಸತ್ಯ

ಜೈನ ಗೃಹಸ್ಥರ ಮನೆಯಲ್ಲಿ ಬೆಳಗಿನ ಮೊದಲ ಕೆಲಸಗಳಲ್ಲಿ ನೀರು ಸೋಸುವುದೂ ಒಂದು. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಿಡಿದು, ನಿಧಾನವಾಗಿ ನೀರು ಸುರಿದು, ಬಟ್ಟೆಯ ಮೇಲೆ ಉಳಿದ ಜೀವಗಳನ್ನು ಆ ನೀರು ಬಂದ ಸ್ಥಳಕ್ಕೇ ಮರಳಿ ಬಿಡಬೇಕೆಂಬುದು ನಮ್ಮ ಶ್ರಾವಕಾಚಾರ. ಈ ಆಚಾರದಲ್ಲಿ ಒಂದು ವಿನಯ ಅಡಗಿದೆ. ಸೋಸಿದ ನೀರು ಸಂಪೂರ್ಣ ಜೀವರಹಿತವೆಂಬ ಭ್ರಮೆಯಿಂದ ನಾವು ಸೋಸುವುದಿಲ್ಲ. ಬಟ್ಟೆಯ ರಂಧ್ರಕ್ಕಿಂತ ದೊಡ್ಡದಾದ ತ್ರಸಜೀವಗಳು ಮಾತ್ರ ಬಟ್ಟೆಯಲ್ಲಿ ನಿಲ್ಲುತ್ತವೆ. ನೀರೇ ಶರೀರವಾಗಿರುವ ಅಪ್ಕಾಯಿಕ ಜೀವಗಳನ್ನು ಯಾವ ಬಟ್ಟೆಯೂ ತಡೆಯಲಾರದು. ಸೋಸಿದ ನೀರಿಗೂ ಒಂದು ಮುಹೂರ್ತದ, ಅಂದರೆ 48 ನಿಮಿಷಗಳ ಮರ್ಯಾದೆಯಿದೆ. ಅನಂತರ ಮತ್ತೆ ಸೋಸಬೇಕು. ಬಟ್ಟೆ ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ, ಎಷ್ಟು ಕಾಲ ಅದರ ಫಲ ನಿಲ್ಲುತ್ತದೆ ಎಂಬುದನ್ನು ಅರಿತೇ ಶ್ರಾವಕನು ಆ ಬಟ್ಟೆಯನ್ನು ಬಳಸುತ್ತಾನೆ.

ಈ ಮಾತನ್ನು ಪೀಠಿಕೆಯಾಗಿ ಹೇಳಲು ಕಾರಣವಿದೆ. ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಸತ್ಯದ ದಿನ ಬಸದಿಯಿಂದ ಮರಳುವಾಗ ನನ್ನ ತಮ್ಮನ ಮಗ ಒಂದು ಪ್ರಶ್ನೆ ಕೇಳಿದ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಜೋಡಿಸುವ ಉಪಕರಣಗಳಿಗೆ ಪ್ರೋಗ್ರಾಂ ಬರೆಯುವ ಉದ್ಯೋಗದಲ್ಲಿದ್ದಾನೆ. “ದೊಡ್ಡಪ್ಪ, ನಾವು ಬರೆದ ಪ್ರೋಗ್ರಾಂಗಳನ್ನು ಪರೀಕ್ಷಿಸುವುದಕ್ಕೇ ಬೇರೆ ಪ್ರೋಗ್ರಾಂಗಳಿವೆ. ನನ್ನ ಬರಹವನ್ನು ಅದು ಪರೀಕ್ಷಿಸಿ ದೋಷವೇನೂ ಇಲ್ಲವೆಂದಿತು. ಅದನ್ನು ನಂಬಿ ‘ಪರೀಕ್ಷಿಸಲಾಗಿದೆ, ದೋಷರಹಿತವಾಗಿದೆ’ ಎಂಬ ಕಾಗದಕ್ಕೆ ಸಹಿ ಹಾಕಿದೆ. ಎರಡು ತಿಂಗಳ ಮೇಲೆ ಕೊಂಡವರ ಕಡೆ ಯಂತ್ರಗಳು ನಿಂತುಹೋದವು. ತಪ್ಪು ನನ್ನ ಬರಹದಲ್ಲೇ ಇತ್ತು. ಹಾಗಾದರೆ ನಾನು ಸಹಿ ಹಾಕಿದ್ದು ಅಸತ್ಯಕ್ಕೇ?” ಎಂದ. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ನಾನು ವಾಣಿಜ್ಯ ಓದಿದವನು. ಅವನಿಂದ ಕೇಳಿ, ಈ ವಿಷಯದಲ್ಲಿ ಪ್ರಕಟವಾದುದನ್ನು ಕೈಲಾದಷ್ಟು ಓದಿ, ನಮ್ಮ ಶಾಸ್ತ್ರದ ಬೆಳಕಿನಲ್ಲಿ ವಿಚಾರ ಮಾಡಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ವಿಷಯವನ್ನು ತಿಳಿಯೋಣ. ಕಂಪ್ಯೂಟರಿನ ಒಳಗೆ ಎಲ್ಲ ಕೆಲಸಗಳನ್ನೂ ನಿಯಂತ್ರಿಸುವ ಮುಖ್ಯ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ವಿಂಡೋಸ್, ಲಿನಕ್ಸ್ ಇಂಥವು. ಪ್ರಿಂಟರ್, ಕ್ಯಾಮರಾ, ನೆಟ್‌ವರ್ಕ್ ಕಾರ್ಡ್ ಮೊದಲಾದ ಉಪಕರಣಗಳು ಸಾವಿರಾರು ಬಗೆಯವು; ಒಂದೊಂದರ ಭಾಷೆಯೂ ಬೇರೆ. ಮಂಡಿಯಲ್ಲಿ ಕೊಳ್ಳುವವನಿಗೂ ಮಾರುವವನಿಗೂ ನಡುವೆ ದಲ್ಲಾಳಿ ಇರುವಂತೆ, ವ್ಯವಸ್ಥೆಗೂ ಉಪಕರಣಕ್ಕೂ ನಡುವೆ ನಿಂತು ಮಾತು ತಿಳಿಸುವ ಪ್ರೋಗ್ರಾಮಿಗೆ ಡಿವೈಸ್ ಡ್ರೈವರ್ ಎನ್ನುತ್ತಾರೆ. ಆದರೆ ಈ ದಲ್ಲಾಳಿಯ ಕೈಯಲ್ಲಿ ತಿಜೋರಿಯ ಕೀಲಿಕೈಯೂ ಇರುತ್ತದೆ. ಬಹುಪಾಲು ಡ್ರೈವರ್‌ಗಳು ಕರ್ನಲ್ ಎಂಬ ಅಂತರಂಗದಲ್ಲೇ, ಸಮಸ್ತ ಅಧಿಕಾರದೊಡನೆ ಕೆಲಸ ಮಾಡುತ್ತವೆ. ಸಾಮಾನ್ಯ ಪ್ರೋಗ್ರಾಂ ಕೆಟ್ಟರೆ ಅದೊಂದೇ ನಿಲ್ಲುತ್ತದೆ. ಡ್ರೈವರ್ ಕೆಟ್ಟರೆ ಇಡೀ ಯಂತ್ರವೇ ನಿಲ್ಲುತ್ತದೆ.

ಡ್ರೈವರ್‌ಗಳಲ್ಲಿ ತಪ್ಪುಗಳೂ ಹೆಚ್ಚು. 2001ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಲಿನಕ್ಸ್ ಕರ್ನಲನ್ನು ಪರಿಶೀಲಿಸಿದಾಗ, ಕರ್ನಲಿನ ಇತರ ಭಾಗಗಳಿಗೆ ಹೋಲಿಸಿದರೆ ಡ್ರೈವರ್‌ಗಳಲ್ಲಿ ಕೆಲವು ಬಗೆಯ ತಪ್ಪುಗಳ ಪ್ರಮಾಣ ಮೂರರಿಂದ ಏಳು ಪಟ್ಟಿನವರೆಗೂ ಅಧಿಕವಾಗಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಆಗ ವರದಿಯಾಗುತ್ತಿದ್ದ ವೈಫಲ್ಯಗಳಲ್ಲಿ ಶೇಕಡಾ 85ಕ್ಕೆ ಡ್ರೈವರ್‌ಗಳೇ ಕಾರಣವೆಂದು 2003ರ ಒಂದು ಸಂಶೋಧನಾ ಪ್ರಬಂಧ ತಿಳಿಸುತ್ತದೆ. ಆಪರೇಟಿಂಗ್ ಸಿಸ್ಟಮ್ ಬರೆದವರು ಒಬ್ಬರು, ಉಪಕರಣ ಮಾಡಿ ಡ್ರೈವರ್ ಬರೆಯುವವರು ಮತ್ತೊಬ್ಬರು. ಒಬ್ಬರ ಮನೆಯ ನಿಯಮಗಳು ಇನ್ನೊಬ್ಬರಿಗೆ ಪೂರ್ಣವಾಗಿ ತಿಳಿದಿರುವುದಿಲ್ಲ. ತಪ್ಪಿಗೆ ಇದೊಂದು ಮುಖ್ಯ ಕಾರಣ.

ಇಂಥ ತಪ್ಪುಗಳನ್ನು ಹುಡುಕುವ ಒಂದು ಉಪಾಯವೇ ಸ್ಟ್ಯಾಟಿಕ್ ಅನಾಲಿಸಿಸ್. ಪ್ರೋಗ್ರಾಮನ್ನು ನಡೆಸಿ ನೋಡದೆ, ಬರೆದಿರುವುದನ್ನೇ ಓದಿ, ಅದು ಯಾವ ಯಾವ ದಾರಿಯಲ್ಲಿ ಸಾಗಬಹುದೆಂದು ತರ್ಕಿಸಿ ತಪ್ಪು ಹಿಡಿಯುವ ಕ್ರಮವಿದು. ನಡೆಸಿ ನೋಡುವ ಪರೀಕ್ಷೆಯಲ್ಲಿ ನಾವು ನಡೆದ ದಾರಿ ಮಾತ್ರ ತಿಳಿಯುತ್ತದೆ; ಓದಿ ನೋಡುವ ಪರೀಕ್ಷೆ ಅಪರೂಪಕ್ಕೆ ತುಳಿಯುವ ದಾರಿಗಳನ್ನೂ ಶೋಧಿಸಬಲ್ಲದು. 2000ದ ಸುಮಾರಿಗೆ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಾಮಣಿ ಅವರು ‘ಸ್ಲ್ಯಾಮ್’ ಎಂಬ ಸಾಧನವನ್ನು ರೂಪಿಸಿದರು. ಬೀಗ ಹಾಕಿದವನೇ ಅದನ್ನು ತೆಗೆಯಬೇಕು, ಹಾಕಿದ ಬೀಗವನ್ನೇ ಮತ್ತೆ ಹಾಕಬಾರದು ಎಂಬಂಥ ನಿಯಮಗಳನ್ನು ಡ್ರೈವರ್ ಪಾಲಿಸುತ್ತದೆಯೇ ಎಂದು ಅದು ನೋಡುತ್ತಿತ್ತು. ಅದರ ಆಧಾರದ ಮೇಲೆ ಸಿದ್ಧವಾದ ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್ ಎಂಬ ಸಾಧನ 2006ರಲ್ಲಿ ಡ್ರೈವರ್ ಬರೆಯುವವರ ಕೈಸೇರಿತು. ರಾಜಾಮಣಿ ಅವರು ಮುಂದೆ ಬೆಂಗಳೂರಿನ ಸಂಶೋಧನಾಲಯಕ್ಕೆ ಬಂದು ಅದರ ಮುಖ್ಯಸ್ಥರೂ ಆದರು. ಇಂಥ ಸಾಧನಗಳಿಂದ ಮನುಷ್ಯನ ಕಣ್ಣಿಗೆ ಬೀಳದ ಅಸಂಖ್ಯ ತಪ್ಪುಗಳು ತಿದ್ದಲ್ಪಟ್ಟಿವೆ. ಅವುಗಳನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ನೀರು ಸೋಸುವ ಬಟ್ಟೆಗೆ ರಂಧ್ರಗಳಿವೆಯೆಂದು ಸೋಸುವುದನ್ನೇ ಬಿಡುವವನು ಅವಿವೇಕಿ.

ಆದರೆ ಸಾಧನ ಎಷ್ಟೇ ಸೂಕ್ಷ್ಮವಾಗಿದ್ದರೂ ಅದಕ್ಕೊಂದು ಮಿತಿಯಿದೆ. ಅದು ಜಾಣ್ಮೆಯ ಕೊರತೆಯಿಂದ ಬಂದ ಮಿತಿ ಮಾತ್ರವಲ್ಲ. ಯಾವುದೇ ಪ್ರೋಗ್ರಾಮನ್ನು ಕೊಟ್ಟರೂ ಅದು ಎಂದಾದರೂ ನಿಲ್ಲುತ್ತದೆಯೇ ಇಲ್ಲವೇ ಎಂದು ತಪ್ಪಿಲ್ಲದೆ ಹೇಳಬಲ್ಲ ಸಾರ್ವತ್ರಿಕ ವಿಧಾನ ಅಸಾಧ್ಯವೆಂದು 1936ರಲ್ಲಿ ಅಲನ್ ಟ್ಯೂರಿಂಗ್ ಅವರ ಗಣಿತ ತೋರಿಸಿಕೊಟ್ಟಿತು. 1953ರಲ್ಲಿ ಹೆನ್ರಿ ರೈಸ್ ಎಂಬ ಗಣಿತಜ್ಞರು ಪ್ರೋಗ್ರಾಂಗಳ ವರ್ತನೆಯ ಬಗೆಗಿನ ಪ್ರತಿಯೊಂದು ಅರ್ಥಪೂರ್ಣ ಪ್ರಶ್ನೆಗೂ ಇದನ್ನೇ ವಿಸ್ತರಿಸಿದರು. ಆದುದರಿಂದ ಸಾಧನ ಕಟ್ಟುವವರು ಏನನ್ನಾದರೂ ಬಿಟ್ಟುಕೊಡಲೇಬೇಕು. ಕೆಲವು ತಪ್ಪುಗಳು ಕಣ್ತಪ್ಪಿ ಹೋಗಲೆಂದು ಒಪ್ಪಬೇಕು. ಇಲ್ಲವೇ ನಿರ್ದೋಷವಾದುದನ್ನೂ ಕೆಲವು ಸಲ ದೋಷವೆನ್ನಬೇಕಾಗುವುದೆಂದು ಒಪ್ಪಬೇಕು. ಅಥವಾ ಕೆಲವು ಸಲ ಉತ್ತರವೇ ಬರುವುದಿಲ್ಲವೆಂದು ಒಪ್ಪಬೇಕು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಕೇವಲಜ್ಞಾನ ಯಂತ್ರಕ್ಕಿಲ್ಲ. ಛದ್ಮಸ್ಥರಾದ ನಾವು ಮಾಡಿದ ಕಣ್ಣೂ ಛದ್ಮಸ್ಥವೇ.

ಇಲ್ಲಿ ನಮ್ಮ ತರ್ಕಶಾಸ್ತ್ರ ಒಂದು ಬೆಲೆಯುಳ್ಳ ಭೇದವನ್ನು ತೋರಿಸುತ್ತದೆ. ಮಾಣಿಕ್ಯನಂದಿ ಆಚಾರ್ಯರ ‘ಪರೀಕ್ಷಾಮುಖ’ವು ಹೇತುವನ್ನು ಉಪಲಬ್ಧಿ, ಅನುಪಲಬ್ಧಿ ಎಂದು ಎರಡಾಗಿ ವಿಂಗಡಿಸುತ್ತದೆ. ಕಾಣುವುದರಿಂದ ಸಿದ್ಧಪಡಿಸುವುದು ಒಂದು, ಕಾಣದಿರುವುದರಿಂದ ಸಿದ್ಧಪಡಿಸುವುದು ಇನ್ನೊಂದು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆ ಇಲ್ಲವೆಂದು ನಿಶ್ಚಯಿಸಬಹುದು. ಏಕೆಂದರೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು. ಆದರೆ ಅದೇ ನೆಲದ ಮೇಲೆ ಪರಮಾಣು ಕಾಣಲಿಲ್ಲವೆಂದು ಪರಮಾಣುವಿಲ್ಲವೆಂದು ಹೇಳುವಂತಿಲ್ಲ. ಅದು ಈ ಕಣ್ಣಿಗೆ ಕಾಣಲು ಯೋಗ್ಯವಾದ ವಸ್ತುವೇ ಅಲ್ಲ. ಹೀಗಾಗಿ ‘ಕಾಣಲಿಲ್ಲ’ ಎಂಬುದರಿಂದ ‘ಇಲ್ಲ’ ಎಂಬುದಕ್ಕೆ ಹೋಗಬೇಕಾದರೆ ನಡುವೆ ಒಂದು ಸೇತುವೆ ಬೇಕು: ಇದ್ದಿದ್ದರೆ ಈ ಕಣ್ಣಿಗೆ ಕಾಣುತ್ತಿತ್ತೇ? ಸಾಧನವು ಹೇಳಿದ್ದು ‘ಕಾಣಲಿಲ್ಲ’ ಎಂದು. ಹುಡುಗ ಸಹಿ ಹಾಕಿದ್ದು ‘ಇಲ್ಲ’ ಎಂಬುದಕ್ಕೆ. ಸೇತುವೆಯನ್ನು ಅವನು ಪರೀಕ್ಷಿಸಿರಲಿಲ್ಲ.

ಆ ಸೇತುವೆಯನ್ನು ಪರೀಕ್ಷಿಸುವ ಬಗೆಯೂ ನಮ್ಮಲ್ಲಿದೆ. ಸ್ಯಾದ್ವಾದದಲ್ಲಿ ‘ಇಲ್ಲ’ ಎಂಬ ಮಾತು ಬರಿದೆ ಬರುವುದಿಲ್ಲ. ‘ಸ್ಯಾತ್’ ಎಂಬ ಪದವನ್ನು ಜೊತೆಗಿಟ್ಟುಕೊಂಡು ಬರುತ್ತದೆ. ಅದು ಸಂದೇಹದ ಪದವಲ್ಲ, ಅಪೇಕ್ಷೆಯನ್ನು ಸೂಚಿಸುವ ಪದ. ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ಅಪೇಕ್ಷೆಗಳಿಂದ ವಸ್ತುವಿನ ಅಸ್ತಿ-ನಾಸ್ತಿಗಳನ್ನು ಹೇಳಬೇಕೆಂಬುದು ನಮ್ಮ ಆಚಾರ್ಯರ ಕ್ರಮ. ಈ ನಾಲ್ಕನ್ನೂ ಡ್ರೈವರಿನ ಪರೀಕ್ಷೆಗೆ ಅನ್ವಯಿಸಿ ನೋಡಿದರೆ ಸಾಧನದ ಮಿತಿಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ.

ಮೊದಲನೆಯದು ದ್ರವ್ಯ, ಅಂದರೆ ಪರೀಕ್ಷೆಗೆ ಒಳಗಾದ ವಸ್ತು ಯಾವುದು ಎಂಬುದು. ಸಾಧನ ಓದುವುದು ಡ್ರೈವರಿನ ಬರಹವನ್ನು. ಆದರೆ ಡ್ರೈವರ್ ಒಂಟಿಯಾಗಿ ಬಾಳುವುದಿಲ್ಲ. ಉಪಕರಣ ಕೊಡುವ ಉತ್ತರವನ್ನೂ, ಹೊರಗಿನಿಂದ ಬರುವ ದತ್ತಾಂಶವನ್ನೂ ಅದು ಅವಲಂಬಿಸಿದೆ. ಉಪಕರಣ ಉತ್ತರಿಸುವುದೆಂದು ನಂಬಿ ಕಾಯುತ್ತಲೇ ಇರುವ ಡ್ರೈವರ್, ಉಪಕರಣ ಕೆಟ್ಟ ದಿನ ಕೊನೆಯವರೆಗೂ ಕಾಯುತ್ತಲೇ ಇರುತ್ತದೆ. ದತ್ತಾಂಶದಿಂದ ಏನಾಗಬಹುದೆಂಬುದಕ್ಕೆ 2024ರ ಜುಲೈ 19ರ ಘಟನೆಯೇ ಸಾಕ್ಷಿ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಡ್ರೈವರ್ ವಿಂಡೋಸ್ ಯಂತ್ರಗಳ ಕರ್ನಲಿನಲ್ಲಿ ಕೆಲಸ ಮಾಡುತ್ತಿತ್ತು. ಅಂದು ಸಂಸ್ಥೆ ಕಳುಹಿಸಿದ್ದು ಹೊಸ ಡ್ರೈವರನ್ನಲ್ಲ, ಡ್ರೈವರ್ ಓದಿಕೊಳ್ಳಬೇಕಾದ ಒಂದು ದತ್ತಾಂಶದ ಕಡತವನ್ನು. ಆ ಬಗೆಯ ಕಡತಕ್ಕೆ 21 ಅಂಕಣಗಳೆಂದು ವ್ಯಾಖ್ಯೆ ಮಾಡಲಾಗಿತ್ತು. ಡ್ರೈವರಿಗೆ ವಾಸ್ತವವಾಗಿ ಒದಗಿಸುತ್ತಿದ್ದುದು 20 ಮಾತ್ರ. ಹಿಂದಿನ ಪರೀಕ್ಷೆಗಳಲ್ಲಿ 21ನೆಯ ಅಂಕಣದಲ್ಲಿ ‘ಏನಿದ್ದರೂ ಸರಿ’ ಎಂಬ ಗುರುತು ಇದ್ದುದರಿಂದ ಯಾರೂ ಅದನ್ನು ಓದಲು ಹೋಗಿರಲಿಲ್ಲ. ಅಂದಿನ ಕಡತ ಮೊದಲ ಬಾರಿಗೆ ಆ ಅಂಕಣವನ್ನು ಓದಲು ಹೇಳಿತು; ಡ್ರೈವರ್ ಇಲ್ಲದ ಜಾಗಕ್ಕೆ ಕೈಚಾಚಿ ಬಿದ್ದಿತು. ಕಡತವನ್ನು ಪರೀಕ್ಷಿಸುವ ಪ್ರೋಗ್ರಾಮೊಂದು ಇತ್ತು. ಅದು ಸರಿಯಿದೆಯೆಂದು ಒಪ್ಪಿಗೆ ಕೊಟ್ಟಿತ್ತು. ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ಯಂತ್ರಗಳು ಸ್ಥಗಿತಗೊಂಡವು. ಕಡತವನ್ನು 78 ನಿಮಿಷಗಳಲ್ಲೇ ಹಿಂತೆಗೆದುಕೊಂಡರೂ, ಬಿದ್ದ ಯಂತ್ರಗಳನ್ನು ಬಹಳ ಕಡೆ ಒಂದೊಂದಾಗಿ ಕೈಯಿಂದಲೇ ಎಬ್ಬಿಸಬೇಕಾಯಿತು. ಆಸ್ಪತ್ರೆಗಳು ಚಿಕಿತ್ಸೆಗಳನ್ನು ಮುಂದೂಡಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣದ ಚೀಟಿಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅಂಕಣಗಳ ಸಂಖ್ಯೆಯನ್ನು ಮೊದಲೇ ತಾಳೆ ನೋಡುವ ಪರೀಕ್ಷೆಯನ್ನು ಅನಂತರ ಸೇರಿಸಿದರು. ಕೇಳಬೇಕಾದ ಪ್ರಶ್ನೆ ತಿಳಿದ ಮೇಲೆ ಅದನ್ನು ಕೇಳುವುದು ಕಷ್ಟವಲ್ಲ.

ಎರಡನೆಯದು ಕ್ಷೇತ್ರ. ಡ್ರೈವರ್ ನೆಲೆಸುವ ಆಪರೇಟಿಂಗ್ ಸಿಸ್ಟಮ್ ಕೋಟಿಗಟ್ಟಲೆ ಸಾಲುಗಳ ಬರಹ. ಅದೆಲ್ಲವನ್ನೂ ಓದುವುದು ಸಾಧ್ಯವಾಗದ ಕಾರಣ, ಸಾಧನ ಅದರ ಬದಲಿಗೆ ಒಂದು ಚಿಕ್ಕ ಪ್ರತಿಕೃತಿಯನ್ನು ಇಟ್ಟುಕೊಳ್ಳುತ್ತದೆ. ಆ ಪ್ರತಿಕೃತಿಯಲ್ಲಿ ನಿರ್ದೋಷವಾಗಿ ನಡೆದುಕೊಂಡ ಡ್ರೈವರ್ ನಿಜವಾದ ಊರಿನಲ್ಲಿ ಹಾಗೆ ನಡೆದುಕೊಳ್ಳುವುದೆಂಬ ಭರವಸೆ, ಪ್ರತಿಕೃತಿ ಎಷ್ಟು ನಿಜವೋ ಅಷ್ಟೇ. ಸ್ಲ್ಯಾಮ್ ಮೂಲತಃ ಒಂದರ ನಂತರ ಒಂದು ಕೆಲಸ ನಡೆಯುವ ಪ್ರೋಗ್ರಾಮನ್ನು ನೋಡುವ ಸಾಧನ. ಇಂದಿನ ಯಂತ್ರಗಳಲ್ಲಿ ಹಲವು ಕೆಲಸಗಳು ಏಕಕಾಲದಲ್ಲಿ ನಡೆಯುತ್ತವೆ. ಇಬ್ಬರು ಗುಮಾಸ್ತರು ಒಂದೇ ಪುಟದ ಮೇಲೆ ಒಂದೇ ಕ್ಷಣದಲ್ಲಿ ಬರೆದರೆ ಆಗುವಂಥ ತಪ್ಪುಗಳು ಅಲ್ಲಿ ಆಗುತ್ತವೆ. ಒಬ್ಬೊಬ್ಬನ ಬರಹವನ್ನು ಬೇರೆ ಬೇರೆಯಾಗಿ ಓದಿದರೆ ಇಬ್ಬರೂ ನಿರ್ದೋಷಿಗಳೇ.

ಮೂರನೆಯದು ಕಾಲ. ಪರೀಕ್ಷೆ ಆದದ್ದು ಒಂದು ದಿನದ ಬರಹಕ್ಕೆ. ಮರುದಿನ ಒಂದು ಸಾಲು ಬದಲಾದರೆ, ಅಥವಾ ಡ್ರೈವರ್ ಹಾಗೆಯೇ ಇದ್ದು ಅದರ ಕೆಳಗಿನ ವ್ಯವಸ್ಥೆ ಬದಲಾದರೆ, ನಿನ್ನೆಯ ಒಪ್ಪಿಗೆ ಇಂದಿನ ಒಪ್ಪಿಗೆಯಾಗದು. ಸೋಸಿದ ನೀರಿಗೆ ಮುಹೂರ್ತದ ಮರ್ಯಾದೆಯಿದ್ದ ಹಾಗೆ. ತಪ್ಪುಗಳ ಕುರಿತ ತಿಳಿವಳಿಕೆಗೂ ಇದು ಅನ್ವಯಿಸುತ್ತದೆ. 2001ರ ಅಧ್ಯಯನವನ್ನು ಹತ್ತು ವರ್ಷಗಳ ಬಳಿಕ, 2011ರಲ್ಲಿ, ಬೇರೆ ಸಂಶೋಧಕರು ಹೊಸ ಲಿನಕ್ಸಿನ ಮೇಲೆ ಮತ್ತೆ ನಡೆಸಿದರು. ಆಗ ಡ್ರೈವರ್‌ಗಳಲ್ಲಿ ತಪ್ಪುಗಳ ಒಟ್ಟು ಸಂಖ್ಯೆ ದೊಡ್ಡದೇ ಆಗಿದ್ದರೂ, ಬರಹದ ಗಾತ್ರಕ್ಕೆ ಹೋಲಿಸಿದ ಪ್ರಮಾಣ ಕರ್ನಲಿನ ಇನ್ನು ಕೆಲವು ಭಾಗಗಳಿಗಿಂತ ಕಡಿಮೆಯಾಗಿತ್ತು. ಡ್ರೈವರ್‌ಗಳೇ ಎಲ್ಲಕ್ಕಿಂತ ಕೆಟ್ಟವು ಎಂಬ ಮಾತನ್ನು 2001ರ ಹೆಸರಿಲ್ಲದೆ ಹೇಳಿದರೆ ಅದೂ ಅಸತ್ಯವಾಗುತ್ತದೆ.

ನಾಲ್ಕನೆಯದು ಭಾವ, ಅಂದರೆ ಯಾವ ಸ್ವರೂಪದ ದೋಷವನ್ನು ಹುಡುಕಿದೆವು ಎಂಬುದು. ಸಾಧನಕ್ಕೆ ಕಲಿಸಿದ ನಿಯಮಗಳಷ್ಟೇ ಅದಕ್ಕೆ ಗೊತ್ತು. ಬೀಗದ ನಿಯಮ ಕಲಿತ ಸಾಧನ ಬೀಗದ ದೋಷವನ್ನು ಹಿಡಿಯುತ್ತದೆ. ಪ್ರಿಂಟರ್ ಬೇರೆಯವರ ಪುಟವನ್ನು ಅಚ್ಚುಹಾಕಿದರೆ ಅದಕ್ಕೆ ದೋಷವೆಂದೇ ತೋರದು. 2001ರ ಸ್ಟ್ಯಾನ್‌ಫರ್ಡ್ ಸಂಶೋಧಕರ ಪ್ರಾಮಾಣಿಕತೆಯನ್ನು ಇಲ್ಲಿ ಸ್ಮರಿಸಬೇಕು. ತಮ್ಮ ಲೆಕ್ಕವೆಲ್ಲ ತಮ್ಮ ಸಾಧನ ಹಿಡಿಯಬಲ್ಲ ಬಗೆಯ ತಪ್ಪುಗಳಿಗೆ ಮಾತ್ರ ಸೀಮಿತವೆಂದು ಅವರು ಪ್ರಬಂಧದಲ್ಲೇ ತಿಳಿಸಿದರು. ಸ್ಯಾತ್ ಎಂಬ ಪದ ಅವರಿಗೆ ತಿಳಿದಿರಲಾರದು. ಅದರ ಧರ್ಮವನ್ನು ಅವರು ಪಾಲಿಸಿದರು.

ಈ ವಿಚಾರಕ್ಕೆ ಇನ್ನೊಂದು ಮುಖವಿದೆ. ಸಾಧನ ಕೆಲವೊಮ್ಮೆ ನಿರ್ದೋಷವಾದುದನ್ನೂ ದೋಷವೆನ್ನುತ್ತದೆ. ಒಂದೂ ತಪ್ಪಿಸಿಕೊಳ್ಳಬಾರದೆಂದು ಜಾಲವನ್ನು ಬಿಗಿಮಾಡಿದಷ್ಟೂ ಸುಳ್ಳು ಆರೋಪಗಳು ಹೆಚ್ಚುತ್ತವೆ. ಇಂಥ ಸಾಧನವೊಂದನ್ನು ಮಾರುಕಟ್ಟೆಗೆ ತಂದ ಪರಿಣತರು 2010ರಲ್ಲಿ ಬರೆದ ಲೇಖನವೊಂದರಲ್ಲಿ ತಮ್ಮ ಅನುಭವವನ್ನು ತೋಡಿಕೊಂಡಿದ್ದಾರೆ. ಸುಳ್ಳು ಆರೋಪಗಳು ಶೇಕಡಾ 30ನ್ನು ಮೀರಿದರೆ ಜನ ಸಾಧನದ ಮಾತನ್ನೇ ಕೇಳುವುದಿಲ್ಲ; ಆ ಗದ್ದಲದಲ್ಲಿ ನಿಜವಾದ ದೋಷಗಳೂ ಕಳೆದುಹೋಗುತ್ತವೆ. ಅರ್ಥವಾಗದ ದೋಷವನ್ನು ಬರೆದವರು ಸುಳ್ಳೆಂದೇ ತಳ್ಳಿಹಾಕುತ್ತಾರೆ. ಹೀಗಾಗಿ ಮಾರುವವರು ಸಾಧನವನ್ನು ಸ್ವಲ್ಪ ಮೌನಿಯಾಗಿಸಬೇಕಾಗುತ್ತದೆ. ಸಾಧನದ ಮೌನದಲ್ಲಿ ದೋಷವಿಲ್ಲದ ಮೌನ ಎಷ್ಟು, ಕೇಳುವವನಿಗೆ ಬೇಸರವಾದೀತೆಂಬ ಮೌನ ಎಷ್ಟು ಎಂಬುದು ಹೊರಗಿನವನಿಗೆ ತಿಳಿಯದು. ಇದರ ಹೊಣೆ ಸಾಧನ ಮಾಡಿದವರದು ಮಾತ್ರವಲ್ಲ, ಎಚ್ಚರಿಕೆಯ ಮಾತನ್ನು ಸಹಿಸದ ನಮ್ಮದೂ ಹೌದು.

ಇದೆಲ್ಲ ಎಂಜಿನಿಯರುಗಳ ಮನೆಯ ಮಾತೆಂದು ಓದುಗರು ಭಾವಿಸಬಾರದು. ವ್ಯಾಪಾರಿಗಳಾದ ನಮ್ಮ ಕೈಯಲ್ಲೂ ಇಂಥದೊಂದು ಸಾಧನವಿದೆ. ಅದಕ್ಕೆ ತಾಳೆಪಟ್ಟಿ ಎಂದು ಹೆಸರು. ಖರ್ಚು ಮತ್ತು ಜಮಾ ಕಡೆಗಳ ಮೊತ್ತ ಸರಿಹೊಂದಿದರೆ ಲೆಕ್ಕ ತಾಳೆಯಾಯಿತೆಂದು ಸಮಾಧಾನಪಡುತ್ತೇವೆ. ಆದರೆ ದಿನವಹಿಯಲ್ಲಿ ಬರೆಯದೇ ಬಿಟ್ಟ ವ್ಯವಹಾರವನ್ನು ತಾಳೆಪಟ್ಟಿ ತೋರಿಸದು. ಒಬ್ಬರ ಖಾತೆಗೆ ಹೋಗಬೇಕಾದುದು ಮತ್ತೊಬ್ಬರ ಖಾತೆಗೆ ಹೋದರೆ ತೋರಿಸದು. ಒಂದನ್ನೊಂದು ಸರಿದೂಗಿಸುವ ಎರಡು ತಪ್ಪುಗಳನ್ನೂ ತೋರಿಸದು. ಬಿ.ಕಾಂ. ಓದುವಾಗ ಈ ಪಾಠವನ್ನು ಬಾಯಿಪಾಠ ಮಾಡಿ ಅಂಕ ಪಡೆದವನು ನಾನು. ಆದರೂ ಅಂಗಡಿಯಲ್ಲಿ ಕುಳಿತ ಮೇಲೆ ಅದನ್ನು ಮರೆತೆ.

ಬಹಳ ವರ್ಷಗಳ ಹಿಂದೆ ನಮ್ಮ ಅಂಗಡಿಯಲ್ಲಿ ಒಂದೇ ಹೆಸರಿನ ಇಬ್ಬರು ಗಿರಾಕಿಗಳಿದ್ದರು. ಅವರಲ್ಲಿ ವಯಸ್ಸಾದ ಒಬ್ಬ ರೈತರು ಬಾಕಿ ತೀರಿಸಿದ್ದರೂ ಖಾತೆಯಲ್ಲಿ ಬಾಕಿ ಹಾಗೆಯೇ ನಿಂತಿತ್ತು. ನಾನು ನಾಲ್ಕು ಜನರ ಎದುರಿಗೆ ಹಣ ಕೇಳಿದೆ. “ಕೊಟ್ಟಿದ್ದೀನಿ ಸಾಹುಕಾರರೇ, ಒಂದು ಸಲ ನೋಡಿ” ಎಂದು ಅವರು ಬೇಡಿಕೊಂಡರು. ವರ್ಷದ ಲೆಕ್ಕವೆಲ್ಲ ತಾಳೆಯಾಗಿದೆ, ತಪ್ಪು ನಮ್ಮ ಕಡೆ ಇರಲು ಸಾಧ್ಯವೇ ಇಲ್ಲ ಎಂದೆ. ಅವರು ಮರುಮಾತಾಡದೆ ಎದ್ದು ಹೋಗಿ, ಮೂರು ದಿನ ಬಿಟ್ಟು ಅದೇ ಹಣವನ್ನು ಎರಡನೆಯ ಸಲ ತಂದುಕೊಟ್ಟರು. ಇನ್ನೊಬ್ಬ ಗಿರಾಕಿ ತನ್ನ ಖಾತೆಯಲ್ಲಿ ತಾನು ಕೊಡದ ಹಣ ಜಮಾ ಆಗಿರುವುದನ್ನು ತೋರಿಸಿದಾಗಲೇ ನನಗೆ ತಿಳಿದದ್ದು. ಹಣವನ್ನು ಮರಳಿಸಿದೆ, ಕ್ಷಮಾವಣಿಯ ದಿನ ಅವರ ಮನೆಗೆ ಹೋಗಿ ಕೈಮುಗಿದೆ. ಅವರು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು. ಆದರೆ ಆ ನಾಲ್ಕು ಜನರ ಎದುರಿನಲ್ಲಿ ಅವರು ತಲೆ ತಗ್ಗಿಸಿದ ಕ್ಷಣವನ್ನು ನಾನು ಮರಳಿಸಲಾಗಲಿಲ್ಲ. ತಾಳೆಪಟ್ಟಿ ನನಗೆ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ಎರಡು ಮೊತ್ತಗಳು ಸಮ ಎಂದು ಮಾತ್ರ. ಅವರು ಸುಳ್ಳುಗಾರರೆಂದು ಹೇಳಿದ್ದು ನಾನು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದದ ಯೋಗವನ್ನು ಮೊದಲಿಟ್ಟಿದ್ದಾರೆ. ಅಸತ್ಯಕ್ಕೂ ಆ ಪ್ರಮಾದವೇ ಮೂಲವೆಂಬುದು ವ್ಯಾಖ್ಯಾನಕಾರರ ಅಭಿಪ್ರಾಯ. ಮುನಿಗಳ ಈರ್ಯಾಸಮಿತಿಯನ್ನು ನೆನೆಯಿರಿ. ಹಗಲು ಬೆಳಕಿನಲ್ಲಿ, ಜನ ತುಳಿದ ದಾರಿಯಲ್ಲಿ, ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿಕೊಂಡು ನಡೆಯಬೇಕು. ಹಾಗೆ ನಡೆಯುವವರ ಕಾಲಡಿಗೆ ಅಕಸ್ಮಾತ್ತಾಗಿ ಜೀವವೊಂದು ಸಿಕ್ಕಿದರೂ ಅವರಿಗೆ ಹಿಂಸೆಯ ಬಂಧವಿಲ್ಲ. ನೋಡದೆ ನಡೆಯುವವನ ಕಾಲಡಿಗೆ ಯಾವ ಜೀವವೂ ಸಿಕ್ಕದಿದ್ದರೂ ಅವನಿಗೆ ಹಿಂಸೆ ತಪ್ಪದು ಎಂಬ ತತ್ತ್ವವನ್ನು ಕುಂದಕುಂದಾಚಾರ್ಯರ ಪ್ರವಚನಸಾರ ಪ್ರತಿಪಾದಿಸುತ್ತದೆ. ಮುನಿಗಳ ಕೈಯಲ್ಲಿ ಪಿಂಛಿ ಇರುತ್ತದೆ. ವಸ್ತುವನ್ನು ಎತ್ತುವಾಗ, ಇಡುವಾಗ ಮೊದಲು ಕಣ್ಣಿನಿಂದ ನೋಡಿ ಆಮೇಲೆ ಪಿಂಛಿಯಿಂದ ಮಾರ್ಜನ ಮಾಡಬೇಕು. ಪಿಂಛಿ ಕೈಯಲ್ಲಿದೆಯೆಂದು ಕಣ್ಣು ಮುಚ್ಚಿ ಗುಡಿಸಿದರೆ ಅದು ಸಮಿತಿಯಾಗದು. ಪರೀಕ್ಷಿಸುವ ಸಾಧನವೂ ಪಿಂಛಿಯಂತೆ. ಅದು ನಮ್ಮ ಕೈಗೆ ನೆರವು. ನಮ್ಮ ಬದಲಿಗೆ ಅಪ್ರಮತ್ತವಾಗಿರುವ ಶಕ್ತಿ ಅದಕ್ಕಿಲ್ಲ.

ಆದುದರಿಂದ ಅವನಿಗೆ ನನ್ನ ಉತ್ತರ ಹೀಗಿದೆ. ಮಗೂ, ಡ್ರೈವರಿನಲ್ಲಿ ತಪ್ಪು ಉಳಿದದ್ದು ನಿನ್ನ ಪಾಪವಲ್ಲ. ಛದ್ಮಸ್ಥರ ಕೆಲಸದಲ್ಲಿ ತಪ್ಪು ಉಳಿಯುತ್ತದೆ. ನೀನು ಮಾಡಿದ್ದು ಕೂಟಲೇಖವೂ ಅಲ್ಲ. ಸುಳ್ಳು ಪತ್ರ ಬರೆದು ವಂಚಿಸುವ ಉದ್ದೇಶ ನಿನಗಿರಲಿಲ್ಲ. ಆದರೆ ‘ಕಾಣಲಿಲ್ಲ’ ಎಂಬ ಮಾತನ್ನು ‘ಇಲ್ಲ’ ಎಂದು ಬದಲಾಯಿಸಿದ ಆ ಒಂದು ಹೆಜ್ಜೆಯಲ್ಲಿ ನೀನು ನೋಡದೆ ನಡೆದೆ. ಅದು ಪ್ರಮಾದ, ಸತ್ಯಾಣುವ್ರತಕ್ಕೆ ಅದರಿಂದ ಮಲಿನತೆ ಬಂತು. ಸಾಧನದ ಮಿತಿ ತಿಳಿದೂ ಇನ್ನು ಮುಂದೆ ಹಾಗೆಯೇ ಸಹಿ ಹಾಕಿದರೆ ಅದು ಕೂಟಲೇಖದ ಸಮೀಪಕ್ಕೆ ಹೋಗುತ್ತದ��. ಯಾವ ಬರಹವನ್ನು, ಯಾವ ಪರಿಸರವನ್ನು ಕಲ್ಪಿಸಿಕೊಂಡು, ಯಾವ ದಿನ, ಯಾವ ಯಾವ ಬಗೆಯ ದೋಷಗಳಿಗಾಗಿ ಪರೀಕ್ಷಿಸಿದೆವು ಎಂದು ನಾಲ್ಕು ಸಾಲು ಬರೆದು, ಇಷ್ಟರಲ್ಲಿ ದೋಷ ಕಾಣಲಿಲ್ಲ, ಇದರ ಹೊರಗಿನದನ್ನು ನೋಡಿಲ್ಲ ಎಂದು ಸಹಿ ಮಾಡು. ನಿನ್ನ ಮೇಲಿನವರು ಅಂಥ ಕಾಗದ ವ್ಯಾಪಾರಕ್ಕೆ ಒದಗದೆಂದು ಮುಖ ಸಿಂಡರಿಸಬಹುದು. ಆಗ ನಿನ್ನ ವ್ರತಕ್ಕೆ ಪರೀಕ್ಷೆ ಬಂದಿದೆಯೆಂದು ತಿಳಿ. ಅಂಥ ಕಾಗದವನ್ನು ಓದಿದ ಆಸ್ಪತ್ರೆಯವನು ಯಂತ್ರ ನಿಂತರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿಕೊಳ್ಳುತ್ತಾನೆ. ‘ದೋಷರಹಿತ’ ಎಂದು ಓದಿದವನು ಯೋಚಿಸುವುದಿಲ್ಲ. ನಿನ್ನ ಒಂದು ಪದ ಅವನ ಎಚ್ಚರವನ್ನು ಕಸಿದುಕೊಳ್ಳುತ್ತದೆ. ಅಸತ್ಯದಿಂದ ಹಿಂಸೆ ಹುಟ್ಟುವುದು ಈ ದಾರಿಯಲ್ಲೇ.

ಈ ಪತ್ರಿಕೆಯನ್ನು ಓದುವ ಬಸದಿಗಳ ಆಡಳಿತ ಮಂಡಳಿಯವರಲ್ಲೂ ಒಂದು ವಿಜ್ಞಾಪನೆ. ಪ್ರತಿವರ್ಷ ಲೆಕ್ಕಪರಿಶೋಧಕರ ವರದಿ ಸಭೆಯ ಮುಂದೆ ಬರುತ್ತದೆ. ಆಕ್ಷೇಪಣೆಯಿಲ್ಲವೆಂದು ಕಂಡೊಡನೆ ಚಪ್ಪಾಳೆ ತಟ್ಟಿ ಅಂಗೀಕರಿಸುತ್ತೇವೆ. ಪರಿಶೋಧಕರು ತಾವು ಏನನ್ನು ನೋಡಿದೆವು, ಯಾವುದನ್ನು ಆಡಳಿತ ಮಂಡಳಿಯ ಹೇಳಿಕೆಯ ಮೇಲೆ ನಂಬಿದೆವು ಎಂದು ಸಾಮಾನ್ಯವಾಗಿ ವರದಿಯಲ್ಲೇ ಬರೆದಿರುತ್ತಾರೆ. ಆ ಪುಟವನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವ ಪದ್ಧತಿ ಬೆಳೆಯಲಿ. ಹುಂಡಿಯ ಎಣಿಕೆ ಪುಸ್ತಕಕ್ಕೆ ಬರುವ ಮೊದಲು ಯಾರ ಕಣ್ಣ ಮುಂದೆ ಆಯಿತು, ದಾನವಾಗಿ ಬಂದ ಬೆಳ್ಳಿಯ ಪಾತ್ರೆಗಳನ್ನು ಪಟ್ಟಿಯ ಜೊತೆ ಕಡೆಯ ಸಲ ಎಂದು ತಾಳೆ ನೋಡಿದರು ಎಂದು ಕೇಳುವುದು ಯಾರ ಮೇಲೂ ಸಂಶಯಪಟ್ಟಂತಲ್ಲ. ವರದಿಯ ಕಣ್ಣಿಗೆ ಕಾಣದ ಜಾಗವನ್ನು ನಮ್ಮ ಕಣ್ಣಿನಿಂದ ನೋಡುವುದು ಅಷ್ಟೇ.

ಈ ಲೇಖನವನ್ನು ನಾನು ಮೂರು ಸಲ ಓದಿದ್ದೇನೆ. ಹುಡುಗನೂ ತನ್ನ ವಿದ್ಯೆಗೆ ಸಂಬಂಧಿಸಿದ ಭಾಗವನ್ನು ಓದಿ ಎರಡು ಕಡೆ ತಿದ್ದಿದ್ದಾನೆ. ನಮ್ಮಿಬ್ಬರಿಗೂ ಕಾಣದ ದೋಷಗಳು ಇದರಲ್ಲಿ ಉಳಿದಿರಬಹುದು. ಬಲ್ಲ ಓದುಗರು ಅವನ್ನು ತಿಳಿಸಿದರೆ ಕೃತಜ್ಞತೆಯಿಂದ ತಿದ್ದಿಕೊಳ್ಳುವೆನು.